ಹತ್ತಿ ಮಿಲ್ಲಿನಲ್ಲಿ ಹನುಕ್ಕಾ

ಜಗಳೂರಿನ ಆ ಜಿನ್ನಿಂಗ್ ಮಿಲ್ಲಿನ ಗೇಟಿನ ಪಕ್ಕ ಒಂದು ಮರದ ಪೆಟ್ಟಿಗೆ ಇತ್ತು. ಒಳಗೆ ಹೋಗುವವರು ಬೀಡಿ ಕಟ್ಟು, ಬೆಂಕಿಪೊಟ್ಟಣಗಳನ್ನು ಅದರೊಳಗೆ ಹಾಕಿಯೇ ಮುಂದೆ ಹೋಗಬೇಕು. ಮಿಲ್ಲಿನ ಒಡೆಯರಾದ ಸಾಹುಕಾರರ ನೆಂಟರಿಗೂ ಅದೇ ನಿಯಮ. ಚಳಿಗಾಲ ಶುರುವಾದರೆ ಸುತ್ತಲ ಹಳ್ಳಿಗಳಿಂದ ಗಾಡಿಗಟ್ಟಲೆ ಹತ್ತಿ ಬಂದು ಬೀಳುತ್ತಿತ್ತು. ಬೀಜ ಬಿಡಿಸಿದ ಅರಳೆಯ ಎಳೆಗಳು ಗಾಳಿಯಲ್ಲಿ ತೇಲಿ ಬಂದು ನಮ್ಮ ಕಿಟಕಿಯ ಸರಳಿಗೆ, ಒಣಹಾಕಿದ ಬಟ್ಟೆಗೆ, ನನ್ನ ಜಡೆಗೆ ಅಂಟಿಕೊಳ್ಳುತ್ತಿದ್ದವು. ಮಿಲ್ಲಿನ ಹಿಂಭಾಗದಲ್ಲಿ ಸಾಲಾಗಿ ಐದು ಮನೆಗಳಿದ್ದವು. ಅವುಗಳಲ್ಲಿ ಒಂದು ನಮ್ಮದು. ಅಪ್ಪ ಅಲ್ಲಿ ಫಿಟ್ಟರ್ ಆಗಿದ್ದರು. ಆ ಐದೂ ಮನೆಗಳಲ್ಲಿ ಒಲೆ ಇರಲಿಲ್ಲ. ಕಾಂಪೌಂಡಿನ ಹಿಂದಿನ ಗೋಡೆಯಲ್ಲಿದ್ದ ಪುಟ್ಟ ಬಾಗಿಲು ದಾಟಿದರೆ ಆಚೆ ತಗಡಿನ ಅಡುಗೆ ಕೊಟ್ಟಿಗೆ. ಐದು ಮನೆಯವರೂ ಅಲ್ಲೇ ಬೇಯಿಸಿ, ಪಾತ್ರೆಗಳನ್ನು ಹೊತ್ತುಕೊಂಡು ಒಳಗೆ ತರಬೇಕು. ಕರೆಂಟು ಹೋದರೆ ಬ್ಯಾಟರಿ ಮಾತ್ರ, ಚಿಮಣಿ ಕೂಡದು.

ಅಂಥ ಕಡೆ ವರ್ಷಕ್ಕೊಮ್ಮೆ ಎಂಟು ಸಂಜೆ ದೀಪ ಹಚ್ಚಲೇಬೇಕಾದ ಜನ ನಾವು.

ನಾವು ಯೆಹೂದಿಗಳು. ಅಪ್ಪನ ಹಿರಿಯರು ಕೊಂಕಣದ ಕಡಲತೀರದಲ್ಲಿ ಎಣ್ಣೆ ಗಾಣ ತಿರುಗಿಸುತ್ತಿದ್ದವರು. ನಮ್ಮ ವಿಶ್ರಾಂತಿಯ ದಿನವಾದ ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಅವರನ್ನು ಅಲ್ಲಿನ ಜನ ಶನಿವಾರದ ತೇಲಿಗಳು, ಅಂದರೆ ಶನಿವಾರದ ಗಾಣಿಗರು, ಎಂದು ಕರೆಯುತ್ತಿದ್ದರಂತೆ. ಅಪ್ಪ ಮುಂಬಯಿಯ ಬಟ್ಟೆ ಗಿರಣಿಯಲ್ಲಿ ಕೆಲಸ ಕಲಿತು, ದಾವಣಗೆರೆಗೆ ಬಂದು, ಅಲ್ಲಿಂದ ಜಗಳೂರಿಗೆ ಬಂದರು. ಇದು ಎಪ್ಪತ್ತರ ದಶಕದ ಮಾತು. ಊರಿನಲ್ಲಿ ನಮ್ಮಂಥವರು ಬೇರೆ ಯಾರೂ ಇರಲಿಲ್ಲ. ಕೆಲವರು ನಮ್ಮನ್ನು ಕ್ರೈಸ್ತರೆಂದೂ ಕೆಲವರು ಸಾಬರೆಂದೂ ತಿಳಿದಿದ್ದರು. ಅಪ್ಪ ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಮನೆಯೊಳಗೆ ನಮ್ಮದು ಮರಾಠಿ. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ಎಂಟು ಸಂಜೆಯ ಹಬ್ಬ ಹನುಕ್ಕಾ ಯಾವ ದಿನ ಶುರುವಾಗುತ್ತದೆ ಎಂಬುದು ಮುಂಬಯಿಯ ಅತ್ತೆ ಕಳಿಸುವ ಪಂಚಾಂಗದಿಂದ ನಮಗೆ ತಿಳಿಯುತ್ತಿತ್ತು. ಬಹಳ ಹಿಂದೆ ಜೆರುಸಲೇಮಿನ ದೇವಾಲಯವನ್ನು ಶತ್ರುಗಳಿಂದ ಬಿಡಿಸಿಕೊಂಡಾಗ ಅಲ್ಲಿ ಒಂದೇ ದಿನಕ್ಕಾಗುವಷ್ಟು ಎಣ್ಣೆ ಸಿಕ್ಕಿತಂತೆ, ಅದು ಎಂಟು ದಿನ ಉರಿಯಿತಂತೆ. ಆ ನೆನಪಿಗೆ ಮೊದಲ ಸಂಜೆ ಒಂದು ದೀಪ, ಎರಡನೆಯ ಸಂಜೆ ಎರಡು, ಹೀಗೆ ಎಂಟರವರೆಗೆ. ನಮ್ಮಲ್ಲಿ ಅದಕ್ಕೊಂದು ಹಿತ್ತಾಳೆಯ ದೀಪವಿತ್ತು. ಕೆಳಗೆ ಸಾಲಾಗಿ ಎಂಟು ಪುಟ್ಟ ಗಾಜಿನ ಲೋಟ, ಮೇಲೆ ಒಂಬತ್ತನೆಯದು. ಮೇಲಿನದನ್ನು ಮೊದಲು ಹಚ್ಚಿ, ಅದರಿಂದ ಉಳಿದವನ್ನು ಹಚ್ಚಬೇಕು. ಅದಕ್ಕೆ ಶಮಾಶ್, ಅಂದರೆ ಸೇವಕ, ಎಂದು ಹೆಸರು. ಲೋಟದಲ್ಲಿ ಅರ್ಧ ನೀರು ತುಂಬಿ, ಮೇಲೆ ಕೊಬ್ಬರಿ ಎಣ್ಣೆ ತೇಲಿಸಿ, ಮಿಲ್ಲಿನ ಅರಳೆಯಿಂದಲೇ ಹೊಸೆದ ಬತ್ತಿ ಇಡುತ್ತಿದ್ದೆವು. ಅಪ್ಪ ಹೀಬ್ರೂವಿನಲ್ಲಿ ಪ್ರಾರ್ಥನೆ ಹೇಳುತ್ತಿದ್ದರು. ದೀಪ ಉರಿಯುವಷ್ಟು ಹೊತ್ತು ಹೆಂಗಸರು ಕೆಲಸ ಮಾಡಬಾರದು. ದಿನವಿಡೀ ಕೂರದ ಅಮ್ಮ ಆ ಅರ್ಧ ಗಂಟೆ ಕೈ ಮಡಿಚಿ ಕೂತಿರುವುದನ್ನು ನೋಡಲು ನನಗೆ ಖುಷಿ. ಆಮೇಲೆ ಎಣ್ಣೆಯಲ್ಲಿ ಕರಿದ ಪೂರಿ, ತೆಂಗಿನಕಾಯಿ ಹೂರಣದ ಕಡುಬು.

ಇದೆಲ್ಲ ನಡೆಯುತ್ತಿದ್ದುದು ಗೋಡೆಯಾಚೆಯ ತಗಡಿನ ಕೊಟ್ಟಿಗೆಯಲ್ಲಿ. ಅಜ್ಜಿ, ಅಂದರೆ ಅಪ್ಪನ ತಾಯಿ, ಪ್ರತಿ ವರ್ಷ ಕೋಲೂರಿಕೊಂಡು ಅಲ್ಲಿಗೆ ನಡೆದು ಬರುತ್ತಿದ್ದರು. ನನಗೆ ಹನ್ನೊಂದು ತುಂಬಿದ ವರ್ಷ ಮಾತ್ರ ಬರಲಾಗಲಿಲ್ಲ. ದೀಪಾವಳಿಯ ಹೊತ್ತಿಗೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಚನ್ನಗಿರಿ ಕಡೆಯಿಂದ ಮೂಳೆ ಕಟ್ಟುವವರೊಬ್ಬರನ್ನು ಕರೆಸಿ ಕಟ್ಟು ಹಾಕಿಸಿದ್ದಾಯಿತು. ಮಂಚ ಬಿಟ್ಟು ಏಳುವಂತಿರಲಿಲ್ಲ.

ಮೊದಲ ಮೂರು ಸಂಜೆ ನಾವು ಕೊಟ್ಟಿಗೆಯಲ್ಲಿ ದೀಪ ಹಚ್ಚಿ ವಾಪಸು ಬಂದಾಗ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. "ಎಣ್ಣೆ ಚೆನ್ನಾಗಿ ಉರಿಯಿತಾ?" ಎಂದಷ್ಟೇ ಕೇಳುತ್ತಿದ್ದರು. ಮೂರನೆಯ ಸಂಜೆ, "ಬರುವ ವರ್ಷಕ್ಕೆ ನಾನಿರುತ್ತೇನೋ ಇಲ್ಲವೋ" ಎಂದು ನನ್ನೊಬ್ಬಳಿಗೆ ಕೇಳುವಂತೆ ಹೇಳಿದರು.

ನಾಲ್ಕನೆಯ ಸಂಜೆ ಅಪ್ಪ ಹೊತ್ತಿಗೆ ಬರಲಿಲ್ಲ. ಮಧ್ಯಾಹ್ನ ಮೂರನೆಯ ನಂಬರಿನ ಮಿಷನ್ನು ಏನೋ ಸಿಕ್ಕಿಕೊಂಡು ನಿಂತಿತ್ತು, ಕೆಲಸ ಹಿಂದೆ ಬಿದ್ದಿದೆ, ತಡವಾಗುತ್ತದೆ ಎಂದು ಹೇಳಿ ಕಳಿಸಿದ್ದರು. ಅಮ್ಮ ಪೂರಿ ಕರಿಯಲು ಕೊಟ್ಟಿಗೆಗೆ ಹೋದರು. ನಾಲ್ಕು ಲೋಟಕ್ಕೂ ಶಮಾಶಿಗೂ ಎಣ್ಣೆ ಹಾಕಿ, ಬತ್ತಿ ಇಟ್ಟು ಸಿದ್ಧ ಮಾಡಿದ ದೀಪ ಅಜ್ಜಿಯ ಮಂಚದ ಪಕ್ಕದ ಟ್ರಂಕಿನ ಮೇಲೆ ಅಪ್ಪನಿಗಾಗಿ ಕಾಯುತ್ತಿತ್ತು. ಅಮ್ಮನಿಗೆ ಹಿಟ್ಟಿನ ತಟ್ಟೆ ಕೊಟ್ಟು ಬರುವಾಗ ನಾನು ಒಲೆಯ ಪಕ್ಕದ ಬೆಂಕಿಪೊಟ್ಟಣವನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು ಒಳಗೆ ತಂದೆ. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಬಾಗಿಲು ಮುಂದಕ್ಕೆ ಮಾಡಿ ಬಲ್ಬು ಆರಿಸಿದೆ. ಅಜ್ಜಿ, "ಬೇಡ, ನಿನ್ನ ಅಪ್ಪನಿಗೆ ತಿಳಿದರೆ..." ಎಂದರು. ಕಡ್ಡಿ ಗೀರಿದ ಮೇಲೆ ಮತ್ತೆ ಬೇಡವೆನ್ನಲಿಲ್ಲ. ಶಮಾಶ್ ಹೊತ್ತಿತು, ಅದರಿಂದ ನಾಲ್ಕೂ ಹೊತ್ತಿದವು. ಅಜ್ಜಿ ಸೆರಗನ್ನು ತಲೆಗೆ ಎಳೆದುಕೊಂಡು ಮಲಗಿದಲ್ಲಿಂದಲೇ ಪ್ರಾರ್ಥನೆ ಹೇಳಿದರು. ಅವರ ಕೆನ್ನೆಯ ಮೇಲೆ ಬೆಳಕು ಅಲ್ಲಾಡುತ್ತಿತ್ತು.

ಐದು ನಿಮಿಷವೂ ಆಗಿರಲಿಕ್ಕಿಲ್ಲ. ಕಿಟಕಿಯಾಚೆಯ ಓಣಿಯಲ್ಲಿ ಕಾವಲುಗಾರನ ಕೋಲಿನ ಸದ್ದು ಕೇಳಿಸಿತು. ನಮ್ಮ ಮನೆಗೂ ಮಿಲ್ಲಿನ ಅರಳೆ ತುಂಬಿಡುವ ಕೋಣೆಗೂ ನಡುವೆ ಇದ್ದದ್ದು ಆ ಓಣಿಯಷ್ಟೇ. ಎರಡು ಮಾರು ಅಗಲ. ನಮ್ಮ ಕಿಟಕಿಯ ಎದುರಿಗೇ ಅರಳೆ ಕೋಣೆಯ ಗವಾಕ್ಷಿ. ನಾನು ದೀಪಗಳನ್ನು ಊದಿಬಿಟ್ಟೆ. ಹೊಗೆಯಾಡುತ್ತಿದ್ದ ಬತ್ತಿಗಳ ವಾಸನೆಗೆ ಗಾಬರಿಯಾಯಿತು. ಸದ್ದು ಮುಂದೆ ಹೋದ ಮೇಲೆ ಕತ್ತಲಲ್ಲೇ ಬತ್ತಿಗಳನ್ನು ಕೈಗೆ ಸಿಕ್ಕಂತೆ ಕಿತ್ತು ಕಿಟಕಿಯಿಂದ ಹೊರಗೆಸೆದೆ. ಬಲ್ಬು ಹಾಕಿ, ಓಡಿಹೋಗಿ ಬೆಂಕಿಪೊಟ್ಟಣವನ್ನು ಒಲೆಯ ಪಕ್ಕ ಇಟ್ಟು ಬಂದೆ. ಅಮ್ಮನ ಬೆನ್ನು ನನ್ನ ಕಡೆಗಿತ್ತು.

ಅದಾಗಿ ಸ್ವಲ್ಪ ಹೊತ್ತಿಗೆ ಮಿಲ್ಲಿನ ಗಂಟೆ ಬಿಡದೆ ಹೊಡೆಯತೊಡಗಿತು.

ಕಿಟಕಿಯ ಹೊರಗೆ ಕೆಂಪು. ಎದುರಿನ ಗವಾಕ್ಷಿಯಿಂದ ಹೊಗೆ ಸುರುಳಿ ಸುರುಳಿಯಾಗಿ ನಮ್ಮ ಕೋಣೆಗೇ ನುಗ್ಗುತ್ತಿತ್ತು. ಅಮ್ಮ ಓಡಿಬಂದರು. ಇಬ್ಬರೂ ಸೇರಿ ಅಜ್ಜಿಯ ಮಂಚ ಎಳೆದೆವು. ಅದು ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿತು. ಅಜ್ಜಿ ಮುಷ್ಟಿ ಬಿಗಿಹಿಡಿದು ನರಳುತ್ತಿದ್ದರು. ಅಮ್ಮ ಕೂಗಿದ್ದು ಗಂಟೆಯ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಆಗ ಹೊಗೆಯೊಳಗಿಂದ ಒಬ್ಬ ಹಮಾಲಿ ಬಂದ. ಅರಳೆಯ ಬೇಲು ಹೊರುತ್ತಿದ್ದ, ಮೂವತ್ತರ ಆಸುಪಾಸಿನ ಆಳು. ಅವನ ಮುಖ ಗೊತ್ತಿತ್ತು, ಮಾತಾಡಿಸಿದ್ದಿಲ್ಲ. "ಸರೀರಿ ಅಮ್ಮಾರೆ" ಎಂದವನೇ ಅಜ್ಜಿಯನ್ನು ಕಂಬಳಿ ಸಮೇತ ಎರಡೂ ತೋಳಿನಲ್ಲಿ ಎತ್ತಿಕೊಂಡು, ಹಿಂದಿನ ಪುಟ್ಟ ಬಾಗಿಲಿನಿಂದ ಆಚೆ ಒಯ್ದು ಕೊಟ್ಟಿಗೆಯಲ್ಲಿ ಮಲಗಿಸಿದ. ಸೊಂಟದ ಕಟ್ಟು ಅಲ್ಲಾಡದಂತೆ ಹಿಡಿದಿದ್ದ. ಮರುಕ್ಷಣ ನೀರು ಹಾಕಲು ಓಡಿದ.

ಬಾವಿ ನೀರು, ಮರಳು, ಒದ್ದೆ ಗೋಣಿತಟ್ಟು ಹಾಕಿ ಎರಡು ತಾಸಿನಲ್ಲಿ ಬೆಂಕಿಯನ್ನು ಹತೋಟಿಗೆ ತಂದರು. ಅರಳೆ ಕೋಣೆಯ ಮಾಡು ಕುಸಿದಿತ್ತು, ಸಾಲುಮನೆಗಳು ಉಳಿದವು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಅಪ್ಪನ ಎರಡೂ ಅಂಗೈ ಸುಟ್ಟು ಬೊಬ್ಬೆ ಎದ್ದಿದ್ದವು.

ಬೆಳಿಗ್ಗೆ ಸಾಹುಕಾರರು ಬಂದರು. ಧ್ವನಿ ಎತ್ತದೆ ಮಾತಾಡುವ ಮನುಷ್ಯ. ಕೆಲಸದವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದರು. ಸಾಲುಮನೆಯ ಹೆಂಗಸರು ಮಕ್ಕಳು ಬಾಗಿಲಲ್ಲಿ ನಿಂತಿದ್ದೆವು.

"ಫಿಟ್ರೇ, ಇದು ನಿಮ್ಮ ದೀಪದ ಹಬ್ಬ ಅಲ್ಲೇನ್ರಿ?" ಎಂದರು.

"ಹೌದ್ರಿ. ದೀಪ ಹಚ್ಚೋದು ಗೋಡೆ ಆಚೆ. ನಿನ್ನೆ ಅಲ್ಲೂ ಹಚ್ಚಿಲ್ಲ. ನನ್ನ ಮನೆಯಾಗೆ ಬೆಂಕಿಕಡ್ಡಿ ಗೀರಿಲ್ಲ. ಬೇಕಾದ್ರೆ ಆಣೆ ಮಾಡ್ತೀನಿ" ಎಂದರು ಅಪ್ಪ. ಬಟ್ಟೆ ಸುತ್ತಿದ ಎರಡೂ ಕೈಗಳನ್ನು ಎದೆಯ ಹತ್ತಿರ ಹಿಡಿದುಕೊಂಡಿದ್ದರು.

"ಮಿಷನ್ನಿಂದ ಏನಾರ ಆಗೈತಾ?"

ಅಪ್ಪ ಒಮ್ಮೆ ಮಿಷನ್ನುಗಳ ಕಡೆ ನೋಡಿದರು. "ನಂಗೆ ತಿಳಿದಂಗೆ ಇಲ್ರಿ."

ಆಗ ಕಾವಲುಗಾರ ಆ ಹಮಾಲಿಯ ಕಡೆ ಕೈ ತೋರಿಸಿದ. ಹೋದ ತಿಂಗಳು ಅವನ ಮುಂಡಾಸಿನಲ್ಲಿ ಬೀಡಿ ಸಿಕ್ಕಿತ್ತು, ನಿನ್ನೆ ಸಂಜೆ ಅವನೇ ಓಣಿಯ ಕಡೆ ಬಂದಿದ್ದ ಎಂದ. ಹಮಾಲಿ, "ಅಜ್ಜಿ ಒಳಗದಾಳೆ ಅಂತ ಬಂದೆನ್ರಿ, ಬೆಂಕಿ ಬಿದ್ಮ್ಯಾಲೆ ಬಂದೆ" ಎಂದ. ಎರಡು ಸಲ ಹೇಳಿದ. ಅವನನ್ನು ಆಫೀಸಿನ ಜಗಲಿಯ ಮೇಲೆ ಕೂರಿಸಿ, ಪೊಲೀಸ್ ಸ್ಟೇಷನ್ನಿಗೆ ಹೇಳಿ ಕಳಿಸಿದರು. ಗೇಟಿನ ಹೊರಗೆ ಅವನ ಹೆಂಡತಿ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ನಿಂತಿದ್ದಳು.

ನಾನು ಯಾರಿಗೂ ಕಾಣದಂತೆ ಓಣಿಗೆ ಹೋದೆ. ಕಿಟಕಿಯ ಕೆಳಗೆ ಮೋರಿ, ಅದರ ತುಂಬ ರಾತ್ರಿ ಸುರಿದ ನೀರು, ಕಪ್ಪಾದ ಅರಳೆ. ಮಂಡಿಯೂರಿ ಬೆರಳಿನಿಂದ ಕೆದಕಿದೆ. ಒಂದು ಬತ್ತಿ ಸಿಕ್ಕಿತು. ಇನ್ನೊಂದು. ಮೂರು, ನಾಲ್ಕು. ನಾಲ್ಕೂ ಗೋಡೆಯ ಬುಡದಲ್ಲೇ ಬಿದ್ದಿದ್ದವು, ತುದಿ ಮಾತ್ರ ಕರಿದಾಗಿತ್ತು. ಆದರೆ ನಾನು ಹಚ್ಚಿದ್ದು ಐದು. ಮೋರಿಯ ಉದ್ದಕ್ಕೂ ಹುಡುಕಿದೆ. ಎದುರಿನ ಗೋಡೆಯ ಬುಡದಲ್ಲಿ ಹುಡುಕಿದೆ. ತಲೆಯೆತ್ತಿದರೆ ಸುಟ್ಟು ಕಪ್ಪಾದ ಗವಾಕ್ಷಿ. ಐದನೆಯದು ಅದರೊಳಗೇ ಬಿದ್ದಿರಬೇಕು ಎಂದು ನನಗೆ ಖಾತ್ರಿಯಾಯಿತು. ಸಿಕ್ಕಿದ ನಾಲ್ಕನ್ನು ಮುಷ್ಟಿಯಲ್ಲಿ ಹಿಡಿದು ವಾಪಸು ಓಡಿದೆ.

ಅಡುಗೆ ಕೊಟ್ಟಿಗೆಯಲ್ಲಿ ಅಪ್ಪ ಅಜ್ಜಿಯ ಪಕ್ಕ ಗೋಡೆಗೊರಗಿ ಕೂತಿದ್ದರು. ಅಮ್ಮ ಅವರ ಕೈಗೆ ಸುಟ್ಟ ಗಾಯದ ಮುಲಾಮು ಹಚ್ಚುತ್ತಿದ್ದರು. ನಾನು ನಾಲ್ಕು ಬತ್ತಿಗಳನ್ನು ನೆಲದ ಮೇಲಿಟ್ಟು, ನಡೆದದ್ದೆಲ್ಲ ಹೇಳಿದೆ. ಅಮ್ಮನ ಕೈ ನಿಂತಿತು. ಅಪ್ಪ ನನ್ನನ್ನು ಹೊಡೆಯುತ್ತಾರೆಂದುಕೊಂಡಿದ್ದೆ. ಆ ಕೈಯಲ್ಲಿ ಹೊಡೆಯುವುದಾದರೂ ಹೇಗೆ? ಅವರು ಕೇಳಿದ್ದು ಒಂದೇ ಮಾತು. "ಐದನೆಯದು ಎಲ್ಲಿ?"

"ಸಿಗಲಿಲ್ಲ" ಎಂದೆ.

ಅಜ್ಜಿ ಮೆಲ್ಲನೆ ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಶಮಾಶಿನ ಬತ್ತಿ ಇತ್ತು. "ಇದನ್ನು ನಾನೇ ಬೆರಳಲ್ಲಿ ಹಿಸುಕಿ ತೆಗೆದುಕೊಂಡೆ. ಅವಳು ಕತ್ತಲಲ್ಲಿ ತಡಕಾಡುತ್ತಿದ್ದಳು, ಮೇಲಿನದು ನನ್ನ ಕೈಗೆ ಸಿಕ್ಕಿತು. ಅವಳನ್ನು ಬಯ್ಯಬೇಡ. ನಾನು ಗಟ್ಟಿಯಾಗಿ ಬೇಡ ಅನ್ನಲಿಲ್ಲ." ಅವರ ಹೆಬ್ಬೆರಳ ತುದಿಯಲ್ಲಿ ಸಣ್ಣ ಸುಟ್ಟ ಕಲೆ ಇತ್ತು.

ನನಗೆ ಅಳು ಬಂತು. ಹಾಗಾದರೆ ಬೆಂಕಿ ನನ್ನಿಂದ ಹತ್ತಿದ್ದಲ್ಲ. ಅಮ್ಮ ಕೂಡ ದೊಡ್ಡದಾಗಿ ಉಸಿರು ಬಿಟ್ಟು, "ಸದ್ಯ. ಇನ್ನು ಇದನ್ನು ಯಾರ ಹತ್ತಿರವೂ ಆಡುವುದು ಬೇಡ. ಬತ್ತಿ ಒಲೆಗೆ ಹಾಕು" ಎಂದರು.

ಅಪ್ಪ ಮಾತ್ರ ಆ ಐದು ಬತ್ತಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಎದ್ದು, ಅವನ್ನು ತಮ್ಮ ಜೇಬಿಗೆ ಹಾಕಲು ಹೇಳಿ ನನಗೆ, "ಬಾ" ಎಂದರು.

"ಎಲ್ಲಿಗೆ? ನಿಮಗೇನಾದರೂ ತಲೆ ಕೆಟ್ಟಿದೆಯಾ? ಮನೆ ಕೆಲಸ ಎರಡೂ ಹೋಗುತ್ತದೆ" ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಂತರು.

"ಜಗಲಿಯ ಮೇಲೆ ಕೂತಿದ್ದಾನಲ್ಲ, ಅವನು ನನ್ನ ತಾಯಿಯನ್ನು ಎತ್ತಿಕೊಂಡು ಬಂದವನು" ಎಂದರು ಅಪ್ಪ. ಅಮ್ಮ ದಾರಿ ಬಿಟ್ಟರು.

ಆಫೀಸಿಗೆ ಹೋಗುವಾಗ ಜಗಲಿಯ ಮೇಲೆ ಕೂತಿದ್ದ ಹಮಾಲಿಯ ಮುಂದೆಯೇ ಹಾದು ಹೋದೆವು. ಅವನು ನಮ್ಮ ಕಡೆ ನೋಡಲಿಲ್ಲ. ಒಳಗೆ ಅಪ್ಪ ನನ್ನನ್ನು ಮುಂದೆ ನಿಲ್ಲಿಸಿ, "ಹೇಳು" ಎಂದರು. ನಾನು ಹೇಳಿದೆ. ಬೆಂಕಿಪೊಟ್ಟಣ ಕದ್ದದ್ದು, ಹಚ್ಚಿದ್ದು, ಬತ್ತಿ ಎಸೆದದ್ದು. ಅಪ್ಪ ಮೊಣಕೈಯಿಂದ ಜೇಬನ್ನು ತೋರಿಸಿದರು. ನಾನು ಅದರಿಂದ ಐದು ಬತ್ತಿಗಳನ್ನು ತೆಗೆದು ಮೇಜಿನ ಮೇಲಿಟ್ಟೆ.

"ಬೆಳಿಗ್ಗೆ ನಾನು ಹೇಳಿದ್ದು ಸುಳ್ಳಾತು ಸಾಹುಕಾರ್ರೆ. ನಂಗೆ ಗೊತ್ತಿರ್ಲಿಲ್ಲ. ಆದ್ರೂ ಸುಳ್ಳು ಸುಳ್ಳೇ" ಎಂದರು ಅಪ್ಪ.

ಸಾಹುಕಾರರು ಬತ್ತಿಗಳನ್ನು ಒಂದೊಂದಾಗಿ ಬೆರಳಲ್ಲಿ ಹೊರಳಿಸಿ ನೋಡಿದರು. "ಐದೂ ಇಲ್ಲೇ ಅದಾವೆ. ಅಂದ್ರೆ ಬೆಂಕಿ ಹಚ್ಚಿದ್ದು ಇವಲ್ಲ. ಅವನ ಬೀಡಿನೇ ಅಂತಾತಲ್ಲ ಮತ್ತೆ?"

"ಅಲ್ರಿ" ಎಂದರು ಅಪ್ಪ. "ಇನ್ನೊಂದು ಐತೆ. ಅದು ನಂದು."

ಆಮೇಲೆ ಅವರು ಹೇಳಿದ್ದು ನಾನಾಗಲಿ ಅಮ್ಮನಾಗಲಿ ಕೇಳಿರದ ಸಂಗತಿ. ಹಿಂದಿನ ಮಧ್ಯಾಹ್ನ ಮೂರನೆಯ ನಂಬರಿನ ಮಿಷನ್ನು ನಿಂತದ್ದು ಹತ್ತಿಯ ಜೊತೆ ಬಂದ ಕುಡುಗೋಲಿನ ಮುರಿದ ತುದಿಯಿಂದ. ಅದು ಮಿಷನ್ನಿನ ಅಲಗಿಗೆ ಸಿಕ್ಕಿ ಕಚ್ಚಿಕೊಂಡಿತ್ತು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಡಿ ಹಾರುತ್ತದೆ. ಆ ಕಿಡಿ ಅರಳೆಯೊಳಗೆ ಹೊಕ್ಕರೆ ಹೊಗೆಯೂ ಕಾಣದಂತೆ ತಾಸುಗಟ್ಟಲೆ ಕೂತಿದ್ದು ಆಮೇಲೆ ಭಗ್ಗೆನ್ನುತ್ತದೆ. ಹಾಗಾಗಿ ಅಂಥ ಹೊತ್ತಿನಲ್ಲಿ ಮಿಷನ್ನಿನಿಂದ ಅರಳೆ ಕೋಣೆಗೆ ಹೋದದ್ದನ್ನೆಲ್ಲ ಅಂಗಳಕ್ಕೆ ಎಳೆದು, ಕೆದರಿ ನೋಡಬೇಕು.

"ನೋಡ್ಲಿಲ್ರಿ. ಹೊರಗೆ ಗಾಡಿ ಸಾಲುಗಟ್ಟಿ ನಿಂತಿದ್ವು. ತುದಿ ಕಿತ್ತು ತೆಗೆದು ಬಿರ್ರನೆ ಶುರು ಮಾಡಿದೆ. ಬೆಳಿಗ್ಗೆ ನೀವು ಕೇಳಿದಾಗ ಹೇಳಾಕೆ ಬಾಯಿ ಬರ್ಲಿಲ್ಲ. ಆ ತುದಿ ನನ್ನ ಹತ್ಯಾರದ ಡಬ್ಬಿಯಾಗೈತೆ, ಕಳ್ಸಿ ತರಿಸ್ರಿ."

ನಾನು ಅಪ್ಪನನ್ನು ನೋಡಲಾರದೆ ಅವರ ಚಪ್ಪಲಿ ನೋಡುತ್ತಿದ್ದೆ. ಬೆಳಿಗ್ಗೆಯಿಂದ ನನ್ನ ಹಾಗೆಯೇ ಅವರೂ ಬಾಯಿ ಮುಚ್ಚಿಕೊಂಡಿದ್ದರು ಎಂಬುದು ಆಗ ಅರ್ಥವಾಯಿತು.

ಸಾಹುಕಾರರು ಗುಮಾಸ್ತನನ್ನು ಕರೆದು, "ಸ್ಟೇಷನ್ನಿನೋರು ಬಂದ್ರೆ ನಾ ಮಾತಾಡ್ತೀನಿ. ಅವನ್ನ ಬಿಡ್ರಿ" ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಮಿಷನ್ ನೋಡಾಕೆ ನಂಗೆ ಈಗ ಬೇರೆ ಜನ ಇಲ್ಲ. ಹತ್ತಿ ಮುಗಿಯೋವರೆಗೂ ಇರ್ರಿ. ಆಮ್ಯಾಲೆ ಬೇರೆ ಕಡೆ ನೋಡ್ಕೊಳ್ರಿ. ಮನೆ ಮಾತ್ರ ನಾಳೆನೇ ಖಾಲಿ ಆಗ್ಬೇಕು. ಕಾಂಪೌಂಡಿನಾಗೆ ಕಡ್ಡಿ ಗೀರಿದೋರು ಇಲ್ಲಿ ಇರಂಗಿಲ್ಲ" ಎಂದರು.

ಹೊರಗೆ ಬಂದು ಅಪ್ಪ ಹಮಾಲಿಯ ಮುಂದೆ ನಿಂತು, "ತಪ್ಪಾತಪ್ಪ" ಎಂದರು. ಅವನು ಮುಂಡಾಸು ಕೊಡವಿ ಸುತ್ತಿಕೊಳ್ಳುತ್ತ, "ಬೆಳಿಗ್ಗೆನೇ ಹೇಳಿದ್ರೆ ನನ್ ಹೆಂಡ್ತಿ ಬಿಸಿಲಾಗೆ ಅಳ್ತಾ ನಿಂದ್ರೋದು ತಪ್ತಿತ್ತು ಫಿಟ್ರಣ್ಣ" ಎಂದು ಗೇಟಿನ ಕಡೆ ನಡೆದುಬಿಟ್ಟ.

ಅಂದು ಐದನೆಯ ಸಂಜೆ. ನಾವು ದೀಪ ಹಚ್ಚಲಿಲ್ಲ. ಅಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು.

ಸಾಲುಮನೆಗೆ ಬಳೆ ಮಾರಲು ಬರುತ್ತಿದ್ದ ಹೆಂಗಸೊಬ್ಬರು ಪೇಟೆಯಲ್ಲಿ ತಮ್ಮ ಮನೆಯ ಮುಂದಿನ ಕೋಣೆ ಕೊಡಲು ಒಪ್ಪಿದರು. ಮರುದಿನ ಸಾಮಾನು ಸಾಗಿಸಲು ಗಾಡಿ ಬಂದಾಗ ಅದರ ಜೊತೆ ಆ ಹಮಾಲಿ ಇದ್ದ. ಅಪ್ಪ ಏನೋ ಹೇಳಹೋದರು. "ಅಜ್ಜಿನ ಎತ್ತಿ ಇಳ್ಸಾಕೆ ಬಂದೀನಿ. ನಿಮಗೋಸ್ಕರ ಅಲ್ಲ" ಎಂದ. ಅಜ್ಜಿಯನ್ನು ಬೆಂಕಿ ಬಿದ್ದ ದಿನದಷ್ಟೇ ಜೋಪಾನವಾಗಿ ಎತ್ತಿದ. ಹೊಸ ಮನೆಯಲ್ಲಿ ಇಳಿಸಿದ ಮೇಲೆ ಅಜ್ಜಿ ಅವನ ಕೈ ಹಿಡಿದು ಮರಾಠಿಯಲ್ಲಿ ಏನೇನೋ ಹರಸಿದರು. ಅವನಿಗೆ ಒಂದಕ್ಷರವೂ ತಿಳಿದಿರಲಿಕ್ಕಿಲ್ಲ. ಆದರೂ ಅವರು ಮುಗಿಸುವವರೆಗೆ ಬಾಗಿಕೊಂಡೇ ನಿಂತಿದ್ದ.

ಸಂಜೆಗೆ ಮನೆಯೊಡತಿ, "ಕಾರ್ತಿಕ ಮುಗಿದೇ ಹೋತಲ್ಲ, ಈಗ ಎಂಥಾ ದೀಪ ಹಚ್ತೀರಿ ನೀವು?" ಎಂದು ಕೇಳಿದರು. ಅಮ್ಮ ತೊದಲುತ್ತ ವಿವರಿಸಿ, ಬೇಡವಾದರೆ ಬಿಡುತ್ತೇವೆ ಎಂದರು. "ಮನೆಯಾಗೆ ದೀಪ ಹಚ್ಚಾಕೆ ಯಾರು ಬ್ಯಾಡ ಅಂತಾರೆ? ಹಚ್ರಿ" ಎಂದು ಅವರು ಕಿಟಕಿಯ ಕಟ್ಟೆಯನ್ನು ತಾವೇ ಒರೆಸಿಕೊಟ್ಟರು.

ಆಗ ಅಪ್ಪನಿಗೂ ಅಜ್ಜಿಗೂ ವಾದ ಶುರುವಾಯಿತು. ನಿನ್ನೆ ಹಚ್ಚಿಲ್ಲ, ಆದ್ದರಿಂದ ಇಂದು ಐದೇ ಎಂದು ಅಪ್ಪ. ದಿನ ನಮಗಾಗಿ ನಿಲ್ಲುತ್ತದೇನು, ಪಂಚಾಂಗದಲ್ಲಿ ಆರನೆಯದು ಎಂದಿದ್ದರೆ ಆರೇ ಎಂದು ಅಜ್ಜಿ. ಎರಡು ದಿನಗಳಲ್ಲಿ ಮೊದಲ ಬಾರಿಗೆ ಮನೆಯಲ್ಲಿ ಮಾಮೂಲಿನ ಧ್ವನಿಗಳು ಕೇಳಿಸಿದವು. ಅಜ್ಜಿ ಗೆದ್ದರು. ಅಪ್ಪನ ಕೈಗೆ ಬಟ್ಟೆ ಸುತ್ತಿತ್ತು, ಹಾಗಾಗಿ ಅವರು ಬೆಂಕಿಪೊಟ್ಟಣವನ್ನು ಗದ್ದದಿಂದಲೇ ತೋರಿಸಿ ನನಗೆ, "ನೀನು ಹಚ್ಚು" ಎಂದರು.

ಮೊದಲ ಎರಡು ಕಡ್ಡಿ ಗೀರಿದೊಡನೆ ಆರಿದವು. ಯಾರೂ ಅವಸರ ಮಾಡಲಿಲ್ಲ. ಮೂರನೆಯದರಿಂದ ಶಮಾಶ್ ಹೊತ್ತಿತು. ಅಪ್ಪ ಪ್ರಾರ್ಥನೆ ಹೇಳಿದರು. ಅಮ್ಮ ಕೂತರು, ಆದರೆ ಅರ್ಧ ಗಂಟೆಯೂ ಅವರ ಕಣ್ಣು ನನ್ನ ಮೇಲೆಯೇ ಇತ್ತು.

ಹತ್ತಿ ಮುಗಿದ ಮೇಲೆ ಅಪ್ಪನಿಗೆ ಹೊನ್ನಾಳಿಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಅಜ್ಜಿ ಅಲ್ಲಿಗೆ ನಮ್ಮ ಜೊತೆ ಬಂದರು, ಗೋಡೆ ಹಿಡಿದು ನಡೆದಾಡುವಷ್ಟಾದರು, ಇನ್ನೂ ಮೂರು ಹನುಕ್ಕಾ ನೋಡಿದರು. ಹೊನ್ನಾಳಿಯಲ್ಲಿ ನಮಗೆ ಮನೆಯೊಳಗೇ ಒಲೆ ಇತ್ತು, ದೀಪಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಜಗಳೂರಿನ ವಿಷಯವನ್ನು ಅಪ್ಪ ಎಂದೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆದರೆ ಹಬ್ಬದ ಎಂಟೂ ದಿನ, ದೀಪಗಳು ತಾವಾಗಿ ಆರಿದ ಮೇಲೆ, ಅವರು ಕಿಟಕಿಯ ಬಳಿ ನಿಂತು ಒಂದೊಂದು ಗಾಜನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಎಲ್ಲವೂ ತಣ್ಣಗಾಗಿವೆ ಎಂದು ಖಾತ್ರಿಯಾದ ಮೇಲೆಯೇ ಊಟಕ್ಕೆ ಬರುತ್ತಿದ್ದರು. ಅಷ್ಟರಲ್ಲಿ ಪೂರಿ ಆರಿಹೋಗಿರುತ್ತಿತ್ತು.